ಸೈಕ್ಲಿಂಗ್ ಟ್ರ್ಯಾಕಿಂಗ್ ಆ್ಯಪ್ ಸುಧಾರಿಸುವುದು ಹೇಗೆ: ಮೊದಲು ರೈಡ್ ಉಳಿಯಲಿ, ಗ್ರಾಫ್ ಆಮೇಲೆ

ಸೈಕ್ಲಿಂಗ್ ಆ್ಯಪ್ ಒಂದನ್ನು ಸುಧಾರಿಸೋಣ ಅಂತ ಕೂತರೆ ಮೊದಲು ತಲೆಗೆ ಬರೋದು ಹೊಸ ಗ್ರಾಫ್, ಬ್ಯಾಡ್ಜ್, ಗೆಳೆಯರ ಪಟ್ಟಿ, ಚೆಂದದ ಮ್ಯಾಪ್. ಅವೆಲ್ಲ ಬೇಡ ಅನ್ನುತ್ತಿಲ್ಲ. ಆದರೆ ನಾಲ್ಕು ಗಂಟೆ ಪೆಡಲ್ ತುಳಿದು ಬಂದವರು ಫೋನ್ ತೆಗೆದು ನೋಡಿದಾಗ ಅರ್ಧ ರೈಡ್ ಮಾತ್ರ ಇದ್ದರೆ, ಅಥವಾ ಸಮತಟ್ಟು ರಸ್ತೆಯಲ್ಲಿ ಹೋದದ್ದಕ್ಕೆ ನೂರಾರು ಮೀಟರ್ ಏರು ಹತ್ತಿದಿರಿ ಅಂತ ಬಂದಿದ್ದರೆ, ಅದರ ಮೇಲೆ ಕಟ್ಟಿದ ಗ್ರಾಫನ್ನು ಯಾರು ನಂಬುತ್ತಾರೆ ಹೇಳಿ? ಕಳೆದುಹೋದ ರೈಡನ್ನು ಇನ್ನೊಮ್ಮೆ ದಾಖಲಿಸೋಕೆ ಆಗಲ್ಲ. ಅದಕ್ಕೇ ಇಲ್ಲಿ ಹೇಳೋದೆಲ್ಲ ಒಂದೇ ವಿಷಯದ ಸುತ್ತ: ನಡೆದದ್ದನ್ನು ನಡೆದ ಹಾಗೇ ಉಳಿಸಿ, ಲೆಕ್ಕವನ್ನು ಅದರ ಮೇಲೆ ಬೇರೆಯಾಗಿ ಮಾಡಿ.

ಇದು ಆ್ಯಪ್ ಬರೆಯುವವರಿಗೆ, ನಿರ್ವಹಿಸುವವರಿಗೆ ಬರೆದದ್ದು. ಸುಮ್ನೆ ಬಳಸುವವರಿಗೂ ತಮ್ಮ ಆ್ಯಪ್ ಯಾಕೆ ಹೀಗೆ ಮಾಡುತ್ತದೆ ಅಂತ ಗೊತ್ತಾಗುತ್ತದೆ.

ರೈಡ್ ಕಳೆಯದಂತೆ ಮಾಡೋದು

ಮೊದಲ ಕೆಲಸ: ದಾಖಲೆಯನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಬಳಕೆದಾರ 'ಮುಗಿಸು' ಒತ್ತಿದಾಗ ಉಳಿಸುವ ಪದ್ಧತಿ ಇದ್ದರೆ ಇವತ್ತೇ ಕಿತ್ತುಹಾಕಿ. ಪ್ರತಿ ಸೆಕೆಂಡಿನ ಡೇಟಾ ಆಗಿಂದಾಗಲೇ ಫೋನಿನ ಸ್ಟೋರೇಜಿಗೆ ಹೋಗಬೇಕು. ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್ ಸಾಕು, ಅದನ್ನು ವಾಲ್ (WAL, ಬದಲಾವಣೆಯನ್ನು ಮೊದಲು ಬೇರೆ ಲಾಗ್ ಫೈಲಿಗೆ ಬರೆಯುವ) ಮೋಡ್‌ನಲ್ಲಿ ಇಟ್ಟರೆ ಬರೆಯೋದೂ ಓದೋದೂ ಒಂದಕ್ಕೊಂದು ಅಡ್ಡಿಯಾಗಲ್ಲ. ಒಂದು ಗಂಟೆಗೆ 3,600 ಸಾಲು. ಇವತ್ತಿನ ಫೋನಿಗೆ ಅದು ಏನೂ ಅಲ್ಲ. ಬ್ಯಾಟರಿ ಸತ್ತರೂ, ಆ್ಯಪ್ ಕ್ರ್ಯಾಶ್ ಆದರೂ ಹೋಗೋದು ಕೊನೆಯ ಒಂದೆರಡು ಸೆಕೆಂಡ್ ಮಾತ್ರ ಅನ್ನೋ ಹಾಗಿರಬೇಕು.

ಆ್ಯಪ್ ಮತ್ತೆ ತೆರೆದಾಗ ಮುಗಿಯದ ರೈಡ್ ಇದೆಯಾ ಅಂತ ಮೊದಲು ನೋಡಿ. ಇದ್ದರೆ, ನಿಂತು ಕೆಲವೇ ನಿಮಿಷ ಆಗಿದ್ದರೆ, ಏನೂ ಕೇಳದೆ ದಾಖಲೆ ಮುಂದುವರಿಸಿ. ಆ ಹೊತ್ತಿನಲ್ಲಿ ಸವಾರರು ರಸ್ತೆ ಮೇಲಿರುತ್ತಾರೆ, ಅವರ ಮುಂದೆ ಪ್ರಶ್ನೆಗಳ ಡಬ್ಬಿ ಇಡಬೇಡಿ. ತುಂಬಾ ಹೊತ್ತಾಗಿದ್ದರೆ ಮಾತ್ರ 'ಮುಂದುವರಿಸಲೇ, ಅಲ್ಲಿಗೇ ಮುಗಿಸಲೇ' ಅಂತ ಕೇಳಿ. ನಡುವಿನ ಖಾಲಿ ಜಾಗವನ್ನು ಖಾಲಿಯಾಗೇ ಬಿಡಿ. ಮ್ಯಾಪ್‌ನಲ್ಲಿ ಚುಕ್ಕೆ ಗೆರೆ ಹಾಕಿ, ಅಲ್ಲಿ ದಾಖಲೆ ಇಲ್ಲ ಅಂತ ಸ್ಪಷ್ಟವಾಗಿ ತೋರಿಸಿ. ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನೋ ಹಾಗೆ ಗೆರೆ ಎಳೆಯೋದಕ್ಕಿಂತ ಇದು ಎಷ್ಟೋ ಮೇಲು.

ಆ್ಯಪ್ ಹಿನ್ನೆಲೆಯಲ್ಲಿ ಇರುವಾಗ ಸಾಯೋದು ಇನ್ನೊಂದು ದೊಡ್ಡ ತಲೆನೋವು. ಆಂಡ್ರಾಯ್ಡ್‌ನಲ್ಲಿ ಲೊಕೇಶನ್ ಬಗೆಯ ಫೋರ್‌ಗ್ರೌಂಡ್ ಸರ್ವಿಸ್ (ನೋಟಿಫಿಕೇಶನ್ ತೋರಿಸುತ್ತಾ ಓಡುತ್ತಲೇ ಇರುವ ಸೇವೆ) ಬೇಕೇ ಬೇಕು. ಆಂಡ್ರಾಯ್ಡ್ 14ರಿಂದ ಆ ಬಗೆಯನ್ನು ಘೋಷಿಸದಿದ್ದರೆ ಸರ್ವಿಸ್ ಶುರುವೇ ಆಗಲ್ಲ. ಇಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಆ್ಯಪ್ ಪರದೆಯ ಮೇಲೆ ಇರುವಾಗ, ಅಂದರೆ ಬಳಕೆದಾರ 'ಶುರು' ಒತ್ತಿದಾಗ, ಈ ಸರ್ವಿಸ್ ಆರಂಭವಾದರೆ 'ಆ್ಯಪ್ ಬಳಸುವಾಗ ಮಾತ್ರ' ಅನ್ನೋ ಅನುಮತಿಯೇ ಸಾಕು. ಸ್ಕ್ರೀನ್ ಆರಿದ ಮೇಲೂ ಲೊಕೇಶನ್ ಬರುತ್ತಿರುತ್ತದೆ. ಆದ್ದರಿಂದ 'ಯಾವಾಗಲೂ ಅನುಮತಿಸಿ' ಅಂತ ಕೇಳಿ ಜನರನ್ನು ಹೆದರಿಸುವ ಅಗತ್ಯವೇ ಇಲ್ಲ. ಐಫೋನ್‌ನಲ್ಲಿ ಬೇರೆ ಒಂದು ಬಲೆ ಇದೆ: ಬಳಕೆದಾರ ಕದಲುತ್ತಿಲ್ಲ ಅನ್ನಿಸಿದರೆ ಐಒಎಸ್ ತಾನೇ ಲೊಕೇಶನ್ ನಿಲ್ಲಿಸುತ್ತದೆ, ಮತ್ತೆ ಹೊರಟಾಗ ತಾನಾಗಿ ಶುರುಮಾಡಲ್ಲ. ಈ ಸೆಟ್ಟಿಂಗ್ ಮೊದಲಿಂದಲೇ ಆನ್ ಆಗಿರುತ್ತದೆ. ದಣಿವಾರಿಸಿಕೊಳ್ಳಲು ಅರ್ಧ ಗಂಟೆ ನಿಂತವರ ಉಳಿದ ರೈಡ್ ಮಾಯವಾಗೋದು ಹೀಗೆ. ಕೋಡ್‌ನಲ್ಲಿ ಅದನ್ನು ಆಫ್ ಮಾಡಿ.

ಇಷ್ಟಾದರೂ ಕೆಲವು ಫೋನ್‌ಗಳು ಬ್ಯಾಟರಿ ಉಳಿಸುವ ಭರದಲ್ಲಿ ಆ್ಯಪನ್ನು ಕೊಂದುಬಿಡುತ್ತವೆ. ಕೋಡಿನಿಂದ ಇದನ್ನು ಪೂರ್ತಿ ತಡೆಯೋಕೆ ಆಗಲ್ಲ. ಆದರೆ ಹಾಗಾಗಿದ್ದನ್ನು ಪತ್ತೆ ಹಚ್ಚಬಹುದು: ಸೆಕೆಂಡಿಗೊಂದು ಬರಬೇಕಾದ ಸಾಲುಗಳ ನಡುವೆ ಹತ್ತು ನಿಮಿಷದ ಬಿರುಕು ಇದ್ದರೆ ರೈಡ್ ಮುಗಿದ ತಕ್ಷಣ ಹೇಳಿ, 'ನಿಮ್ಮ ಫೋನ್ ದಾಖಲೆಯನ್ನು ನಿಲ್ಲಿಸಿತ್ತು, ಈ ಸೆಟ್ಟಿಂಗ್ ಬದಲಿಸಿ' ಅಂತ. ನೇರ ಆ ಸೆಟ್ಟಿಂಗ್ ಪುಟಕ್ಕೇ ಕರೆದುಕೊಂಡು ಹೋಗುವ ಬಟನ್ ಕೊಡಿ. ಸಹಾಯ ಪುಟದಲ್ಲಿ ಹದಿನೈದು ಹೆಜ್ಜೆ ಬರೆದಿಟ್ಟರೆ ಯಾರೂ ಓದಲ್ಲ.

ಅಪ್‌ಲೋಡ್ ವಿಷಯ ಚಿಕ್ಕದು. ರೈಡ್ ನಡೆಯುವಾಗ ಸರ್ವರ್ ಮುಟ್ಟಬೇಡಿ, ಮುಗಿದ ಮೇಲೆ ನೆಟ್‌ವರ್ಕ್ ಸಿಕ್ಕಾಗ ಕಳಿಸಿ. ಪ್ರತಿ ರೈಡಿಗೂ ಫೋನಿನಲ್ಲೇ ಒಂದು ವಿಶಿಷ್ಟ ಐಡಿ ಕೊಟ್ಟುಬಿಟ್ಟರೆ ಅದೇ ರೈಡ್ ಎರಡು ಸಲ ಹೋದರೂ ಸರ್ವರ್‌ನಲ್ಲಿ ಒಂದೇ ಉಳಿಯುತ್ತದೆ.

ಕಚ್ಚಾ ಡೇಟಾ ಬೇರೆ, ಲೆಕ್ಕ ಬೇರೆ

ಜಿಪಿಎಸ್ ಏನು ಕೊಟ್ಟಿತೋ, ಸೆನ್ಸರ್ ಏನು ಹೇಳಿತೋ, ಅದನ್ನು ತಿದ್ದದೆ ಒಂದು ಕಡೆ ಇಡಿ. ದೂರ, ಸರಾಸರಿ ವೇಗ, ಏರು, ಕ್ಯಾಲೊರಿ, ಇವೆಲ್ಲ ಆ ಕಚ್ಚಾ ಡೇಟಾದಿಂದ ಯಾವಾಗ ಬೇಕಾದರೂ ಮತ್ತೆ ಲೆಕ್ಕ ಹಾಕಬಹುದಾದ ಅಂಕಿಗಳು. ಅವುಗಳ ಜೊತೆಗೆ ಯಾವ ಆವೃತ್ತಿಯ ಲೆಕ್ಕದಿಂದ ಬಂದವು ಅನ್ನೋ ಸಂಖ್ಯೆಯನ್ನೂ ಬರೆದಿಡಿ. ಮುಂದಿನ ವರ್ಷ ಏರಿನ ಲೆಕ್ಕ ಸುಧಾರಿಸಿದಾಗ ಹಳೆಯ ರೈಡ್‌ಗಳಿಗೂ ಅದರ ಲಾಭ ಸಿಗುತ್ತದೆ. ದಾಖಲಿಸುವಾಗಲೇ ಫಿಲ್ಟರ್ ಹಾಕಿ ಬಿಸಾಡಿದ ಡೇಟಾವನ್ನು ಯಾವ ಅಪ್‌ಡೇಟ್ ಕೂಡ ವಾಪಸ್ ತರಲ್ಲ.

ಸಮಯದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕಳೆದ ಸಮಯ ಅಳೆಯೋಕೆ ಫೋನ್ ತೋರಿಸುವ ಗಡಿಯಾರದ ಸಮಯ ಬಳಸಬೇಡಿ. ರೈಡ್ ನಡುವೆ ಫೋನ್ ತನ್ನ ಗಡಿಯಾರ ತಿದ್ದಿಕೊಳ್ಳಬಹುದು, ಟೈಮ್ ಝೋನ್ ದಾಟಬಹುದು. ಫೋನ್ ಬೂಟ್ ಆದಾಗಿನಿಂದ ಮುಂದಕ್ಕೇ ಓಡುವ ಮೊನೊಟೊನಿಕ್ ಗಡಿಯಾರ ಬಳಸಿ. ತಾರೀಕನ್ನು ಯುಟಿಸಿಯಲ್ಲಿ (ಜಾಗತಿಕ ಮಾನಕ ಸಮಯ) ಇಟ್ಟು, ಟೈಮ್ ಝೋನನ್ನು ಪಕ್ಕದಲ್ಲಿ ಬರೆದಿಡಿ.

ರೈಡನ್ನು ಬೇರೆ ಕಡೆಗೆ ರಫ್ತು ಮಾಡೋಕೆ ಫಿಟ್ (FIT) ಅನ್ನೋ ಫೈಲ್ ಬಗೆ ಒಳ್ಳೆಯದು. ಜಿಪಿಎಕ್ಸ್ ಅನ್ನೋ ಇನ್ನೊಂದು ಬಗೆ ಎಲ್ಲ ಕಡೆ ನಡೆಯುತ್ತದೆ, ಆದರೆ ಹೃದಯ ಬಡಿತ, ಪೆಡಲ್ ಪವರಿನ ವಾಟ್‌ಗಳಿಗೆ ಅದರ ಮೂಲ ರಚನೆಯಲ್ಲಿ ಜಾಗವಿಲ್ಲ, ಎಕ್ಸ್‌ಟೆನ್ಶನ್ ಬೇಕು. ಫಿಟ್ ಬರೆಯುವಾಗ ಎರಡು ಕಡೆ ಎಲ್ಲರೂ ಎಡವುತ್ತಾರೆ. ಅದರ ಸಮಯ 1970ರಿಂದ ಅಲ್ಲ, 1989ರ ಡಿಸೆಂಬರ್ 31ರಿಂದ ಶುರುವಾಗುತ್ತದೆ. ಯುನಿಕ್ಸ್ ಸಮಯದಿಂದ (1970ರಿಂದ ಎಣಿಸಿದ ಸೆಕೆಂಡ್) 631065600 ಕಳೆಯಬೇಕು. ಮತ್ತೆ ಅಕ್ಷಾಂಶ ರೇಖಾಂಶಗಳು ಡಿಗ್ರಿಯಲ್ಲಿ ಇರಲ್ಲ, ಸೆಮಿಸರ್ಕಲ್ ಅನ್ನೋ ಮಾನದಲ್ಲಿ ಇರುತ್ತವೆ. 180 ಡಿಗ್ರಿಯನ್ನು 2ರ 31ನೇ ಘಾತದಷ್ಟು ಭಾಗ ಮಾಡಿದರೆ ಬರುವ ಒಂದು ಭಾಗ ಅದು.

ದೂರ ಮತ್ತು ವೇಗ

ತೆರೆದ ಆಕಾಶದ ಕೆಳಗೆ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಒಳಗೆ ಜಾಗ ಹೇಳುತ್ತದೆ. ಎತ್ತರದ ಕಟ್ಟಡ, ದಟ್ಟ ಮರಗಳ ನಡುವೆ ಸಿಗ್ನಲ್ ಎಲ್ಲೆಲ್ಲೋ ಬಡಿದು ಬರುತ್ತದೆ, ಆಗ ತಪ್ಪು ಇನ್ನೂ ಜಾಸ್ತಿ. ಇದರ ಪರಿಣಾಮ ಎಲ್ಲಕ್ಕಿಂತ ಚೆನ್ನಾಗಿ ಕಾಣೋದು ಸೈಕಲ್ ನಿಂತಾಗ.

ಕೆಂಪು ದೀಪದಲ್ಲಿ ಸವಾರ ಒಂದು ನಿಮಿಷ ನಿಂತಿದ್ದಾರೆ ಅಂದುಕೊಳ್ಳಿ. ಸೈಕಲ್ ಅಲುಗಾಡಿಲ್ಲ, ಆದರೆ ಜಿಪಿಎಸ್ ಬಿಂದು ಪ್ರತಿ ಸೆಕೆಂಡ್ ಅತ್ತಿತ್ತ ಒಂದೊಂದು ಮೀಟರ್ ಸರಿಯುತ್ತಿದೆ. ಬಿಂದುವಿನಿಂದ ಬಿಂದುವಿಗೆ ದೂರ ಕೂಡಿಸುತ್ತಾ ಹೋದರೆ ನಿಂತಲ್ಲೇ 60 ಮೀಟರ್ ಆಯಿತು. ಅಂಥ ಮೂವತ್ತು ಸಿಗ್ನಲ್ ಸಿಕ್ಕರೆ 1.8 ಕಿಲೋಮೀಟರ್. ದೂರ ಯಾವತ್ತೂ ಋಣ ಆಗಲ್ಲ ಅಲ್ವಾ, ಅದಕ್ಕೇ ಈ ತಪ್ಪುಗಳು ಒಂದನ್ನೊಂದು ಕಳೆದುಕೊಳ್ಳದೆ ಕೂಡುತ್ತಲೇ ಹೋಗುತ್ತವೆ.

ಪರಿಹಾರ ಹೀಗೆ. ಜಿಪಿಎಸ್ ಚಿಪ್ ಜಾಗದ ಜೊತೆಗೆ ವೇಗವನ್ನೂ ಬೇರೆಯಾಗಿ ಕೊಡುತ್ತದೆ, ಸಿಗ್ನಲ್‌ನ ಡಾಪ್ಲರ್ ಬದಲಾವಣೆಯಿಂದ (ಚಲನೆಯಿಂದ ಆವರ್ತನ ಬದಲಾಗೋದು) ಅಳೆದದ್ದು. ಎರಡು ಬಿಂದುಗಳ ನಡುವಿನ ದೂರವನ್ನು ಸಮಯದಿಂದ ಭಾಗಿಸಿ ನೀವು ಪಡೆಯುವ ವೇಗಕ್ಕಿಂತ ಸಾಮಾನ್ಯವಾಗಿ ಇದು ನಂಬಿಕಸ್ಥ. ವೇಗ ಸೊನ್ನೆಯ ಹತ್ತಿರ ಇದ್ದಾಗ ದೂರ ಕೂಡಿಸಬೇಡಿ. ಪ್ರತಿ ಬಿಂದುವಿನ ಜೊತೆ ಬರುವ ನಿಖರತೆಯ ಅಂಕಿ 30 ಮೀಟರ್ ದಾಟಿದ್ದರೆ ಆ ಬಿಂದುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಆದರೆ ಕಚ್ಚಾ ಡೇಟಾದಲ್ಲಿ ಇರಲಿ. ಇಷ್ಟರಿಂದಲೇ ಬಹಳಷ್ಟು ದೂರು ನಿಲ್ಲುತ್ತವೆ. ಅಳತೆಯ ನಡುಕವನ್ನು ಗಣಿತದಿಂದ ತಗ್ಗಿಸುವ ಕಾಲ್ಮನ್ ಫಿಲ್ಟರ್ ಅದರ ಮೇಲಿನ ಹೆಜ್ಜೆ, ಮೊದಲ ದಿನವೇ ಅದಕ್ಕೆ ಕೈ ಹಾಕಬೇಕಿಲ್ಲ.

ಚಕ್ರಕ್ಕೆ ಸ್ಪೀಡ್ ಸೆನ್ಸರ್ ಕಟ್ಟಿದ್ದರೆ ದೂರ ಮತ್ತು ವೇಗಕ್ಕೆ ಅದನ್ನೇ ನಂಬಿ, ಜಾಗಕ್ಕೆ ಮಾತ್ರ ಜಿಪಿಎಸ್. ಸುರಂಗದಲ್ಲಿ ಜಿಪಿಎಸ್ ಇರಲ್ಲ, ಚಕ್ರ ತಿರುಗುತ್ತಲೇ ಇರುತ್ತದೆ. ಚಕ್ರದ ಸುತ್ತಳತೆ ಸರಿ ಇರಬೇಕು ಅಷ್ಟೇ. 700×25 ಟೈರಿಗೆ ಸುಮಾರು 2,105 ಮಿಲಿಮೀಟರ್, 700×28ಕ್ಕೆ ಸುಮಾರು 2,136. ಈ ವ್ಯತ್ಯಾಸ ಒಂದೂವರೆ ಶೇಕಡ. 100 ಕಿಲೋಮೀಟರಿಗೆ ಒಂದೂವರೆ ಕಿಲೋಮೀಟರ್ ಆಯಿತು. ತೆರೆದ ರಸ್ತೆಯ ನೇರ ಭಾಗದಲ್ಲಿ ಜಿಪಿಎಸ್ ದೂರವನ್ನು ಚಕ್ರದ ಸುತ್ತುಗಳಿಂದ ಭಾಗಿಸಿದರೆ ಸುತ್ತಳತೆ ತಾನೇ ಸಿಗುತ್ತದೆ. ಆ್ಯಪ್ ಇದನ್ನು ಸದ್ದಿಲ್ಲದೆ ಲೆಕ್ಕ ಹಾಕಿ 'ಟೈರ್ ಬದಲಿಸಿದ್ದೀರಾ?' ಅಂತ ಕೇಳಬಹುದು. ಇಂಥ ಚಿಕ್ಕ ಕಾಳಜಿ ನನಗೆ ಹತ್ತು ಬ್ಯಾಡ್ಜ್‌ಗಳಿಗಿಂತ ಹೆಚ್ಚು ಇಷ್ಟ.

ತಾನೇ ವಿರಾಮ ಹಾಕುವ ಆಟೋ ಪಾಜ್‌ಗೆ ಎರಡು ಮಿತಿ ಇಡಿ. ಗಂಟೆಗೆ 3 ಕಿಲೋಮೀಟರಿಗಿಂತ ಕೆಳಗೆ ಕೆಲವು ಸೆಕೆಂಡ್ ಇದ್ದರೆ ನಿಲ್ಲಲಿ, 5 ದಾಟಿದರೆ ಶುರುವಾಗಲಿ. ಒಂದೇ ಮಿತಿ ಇಟ್ಟರೆ ಕಡಿದಾದ ಏರಿನಲ್ಲಿ ಏದುಸಿರು ಬಿಡುತ್ತಾ ನಿಧಾನ ಹತ್ತುವವರ ಫೋನ್ 'ನಿಂತಿತು', 'ಶುರುವಾಯಿತು' ಅಂತ ಕೂಗುತ್ತಲೇ ಇರುತ್ತದೆ. ಪಾಜ್ ಆದಾಗಲೂ ದಾಖಲೆ ನಿಲ್ಲಬಾರದು. ಪಾಜ್ ಅನ್ನೋದು ಡೇಟಾದ ಮೇಲಿನ ಒಂದು ಗುರುತು ಮಾತ್ರ. ಹಾಗಿದ್ದರೆ ಬಳಕೆದಾರ ಕೈಯಾರೆ ಪಾಜ್ ಮಾಡಿ ಮತ್ತೆ ಶುರು ಮಾಡೋಕೆ ಮರೆತರೂ ರೈಡ್ ಉಳಿದಿರುತ್ತದೆ, ಗುರುತು ಅಳಿಸಿದರೆ ಮುಗಿಯಿತು. ಕೊನೆಗೆ ಚಲಿಸಿದ ಸಮಯ, ಒಟ್ಟು ಸಮಯ, ಎರಡನ್ನೂ ತೋರಿಸಿ.

ಏರು: ಎಲ್ಲರೂ ಜಗಳಾಡುವ ಅಂಕಿ

ಒಟ್ಟು ಏರಿನ ಲೆಕ್ಕ ದೂರಕ್ಕಿಂತ ಕಷ್ಟ. ಸಮತಟ್ಟು ರಸ್ತೆಯಲ್ಲಿ ಎತ್ತರದ ಅಂಕಿ ಒಂದು ಸೆಕೆಂಡಿಗೆ 10 ಸೆಂಟಿಮೀಟರ್ ಮೇಲೆ, ಮುಂದಿನ ಸೆಕೆಂಡಿಗೆ 10 ಸೆಂಟಿಮೀಟರ್ ಕೆಳಗೆ ನಡುಗುತ್ತಿದ್ದರೆ, ಮೇಲಕ್ಕೆ ಹೋದದ್ದನ್ನೆಲ್ಲ ಕೂಡಿಸಿದಾಗ ಗಂಟೆಗೆ 180 ಮೀಟರ್ ಏರು ಬಂದುಬಿಡುತ್ತದೆ. ಅದೂ ಇಷ್ಟು ಸಣ್ಣ ನಡುಕಕ್ಕೆ. ಜಿಪಿಎಸ್‌ನ ಎತ್ತರದ ತಪ್ಪು ಇದಕ್ಕಿಂತ ಎಷ್ಟೋ ದೊಡ್ಡದು, ಜಾಗದ ತಪ್ಪಿಗಿಂತಲೂ ದೊಡ್ಡದು.

ಫೋನಿನಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇದ್ದರೆ ಅದನ್ನು ಬಳಸಿ. ಸಮುದ್ರ ಮಟ್ಟದ ಹತ್ತಿರ ಒಂದು ಹೆಕ್ಟೊಪ್ಯಾಸ್ಕಲ್ ಒತ್ತಡದ ಬದಲಾವಣೆ ಸುಮಾರು 8 ಮೀಟರ್ ಎತ್ತರಕ್ಕೆ ಸಮ. ಸಣ್ಣ ಏರಿಳಿತವನ್ನು ಇದು ಚೆನ್ನಾಗಿ ಹಿಡಿಯುತ್ತದೆ. ತೊಂದರೆ ಏನಂದರೆ ಹವೆ ಬದಲಾದರೂ ಒತ್ತಡ ಬದಲಾಗುತ್ತದೆ. ರೈಡ್ ನಡುವೆ ಒತ್ತಡ 2 ಹೆಕ್ಟೊಪ್ಯಾಸ್ಕಲ್ ಕುಸಿದರೆ, ಹೊರಟ ಜಾಗಕ್ಕೇ ವಾಪಸ್ ಬಂದರೂ 16 ಮೀಟರ್ ಮೇಲಿದ್ದೀರಿ ಅನ್ನುತ್ತದೆ. ಶುರು ಮತ್ತು ಕೊನೆ ಒಂದೇ ಜಾಗ ಆಗಿದ್ದರೆ ಈ ವ್ಯತ್ಯಾಸವನ್ನು ಇಡೀ ರೈಡಿನ ಮೇಲೆ ಸಮನಾಗಿ ಹಂಚಿ ಕಳೆಯಿರಿ.

ಬ್ಯಾರೋಮೀಟರ್ ಇಲ್ಲದಿದ್ದರೆ ಜಾಗವನ್ನು ಇಟ್ಟುಕೊಂಡು ಭೂಮೇಲ್ಮೈ ಎತ್ತರದ ನಕ್ಷೆಯಿಂದ ಅಂಕಿ ತೆಗೆಯಬಹುದು. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎಸ್‌ಆರ್‌ಟಿಎಂ ಡೇಟಾ ಉಚಿತವಾಗಿ ಸಿಗುತ್ತದೆ, ಸುಮಾರು 30 ಮೀಟರಿಗೊಂದು ಬಿಂದು. ಆದರೆ ಅದಕ್ಕೆ ಗೊತ್ತಿರೋದು ನೆಲ ಮಾತ್ರ. ಕಣಿವೆ ಮೇಲಿನ ಸೇತುವೆ ದಾಟಿದರೆ ಕಣಿವೆಗೆ ಇಳಿದು ಹತ್ತಿದ ಲೆಕ್ಕ, ಸುರಂಗದಲ್ಲಿ ಹೋದರೆ ಬೆಟ್ಟ ಹತ್ತಿದ ಲೆಕ್ಕ. ಬೆಟ್ಟದ ಪಕ್ಕದ ರಸ್ತೆಯಲ್ಲಿ ಬಿಂದು ಹತ್ತು ಮೀಟರ್ ಪಕ್ಕಕ್ಕೆ ಸರಿದರೂ ಎತ್ತರ ಎಲ್ಲಿಂದೆಲ್ಲಿಗೋ ಹೋಗುತ್ತದೆ.

ಮೂಲ ಯಾವುದಾದರೂ ಇರಲಿ, ಕೂಡಿಸುವಾಗ ಮಿತಿ ಇಡಿ. ಕಡೆಯ ಬಾರಿ ಲೆಕ್ಕ ಹಾಕಿದ ಎತ್ತರಕ್ಕಿಂತ ಎರಡು ಮೂರು ಮೀಟರ್ ಬದಲಾದಾಗ ಮಾತ್ರ ಕೂಡಿಸೋದು, ಅಲ್ಲಿಯವರೆಗೆ ಸುಮ್ಮನಿರೋದು. ಬ್ಯಾರೋಮೀಟರಿಗೆ ಚಿಕ್ಕ ಮಿತಿ, ಜಿಪಿಎಸ್ ಎತ್ತರಕ್ಕೆ ದೊಡ್ಡದು. ಯಾವ ಮೂಲದಿಂದ ಬಂದ ಅಂಕಿ ಅಂತ ಬಳಕೆದಾರರಿಗೂ ತೋರಿಸಿ. ಜೊತೆಯಲ್ಲೇ ಹೋದ ಇಬ್ಬರಿಗೆ ಬೇರೆ ಬೇರೆ ಏರು ಬಂದಾಗ ಅವರಿಗೆ ಕಾರಣ ಗೊತ್ತಿರಬೇಕು.

ಸೆನ್ಸರ್‌ಗಳ ಜೊತೆ ಎಚ್ಚರ

ಬ್ಲೂಟೂತ್ ಕೇಡೆನ್ಸ್ (ಪೆಡಲ್ ತಿರುಗುವ ವೇಗ) ಸೆನ್ಸರ್ ನಿಮಿಷಕ್ಕೆ ಇಷ್ಟು ಸುತ್ತು ಅಂತ ನೇರವಾಗಿ ಹೇಳಲ್ಲ. ಒಟ್ಟು ಎಷ್ಟು ಸುತ್ತು ಆಗಿದೆ, ಕೊನೆಯ ಸುತ್ತು ಯಾವಾಗ ಮುಗಿಯಿತು, ಇವೆರಡನ್ನೇ ಕಳಿಸುತ್ತದೆ. ಆ ಸಮಯ ಒಂದು ಸೆಕೆಂಡಿನ 1,024ನೇ ಭಾಗಗಳಲ್ಲಿ ಇರುತ್ತದೆ, 16 ಬಿಟ್‌ನಲ್ಲಿ. ಅಂದರೆ 65,535 ಮುಟ್ಟಿದ ಮೇಲೆ ಮತ್ತೆ ಸೊನ್ನೆ. ಪ್ರತಿ 64 ಸೆಕೆಂಡಿಗೊಮ್ಮೆ ಹೀಗಾಗುತ್ತದೆ.

ಹಿಂದಿನ ಸಮಯ 65,200, ಈಗಿನದು 300, ಒಂದು ಸುತ್ತು ಆಗಿದೆ ಅನ್ನಿ. ನೇರ ಕಳೆದರೆ ಋಣ 64,900 ಬರುತ್ತದೆ, ಕೇಡೆನ್ಸ್ ಅರ್ಥವಿಲ್ಲದ ಅಂಕಿಯಾಗುತ್ತದೆ. ಅದಕ್ಕೆ 65,536 ಸೇರಿಸಿ: 636. ಅದನ್ನು 1,024ರಿಂದ ಭಾಗಿಸಿದರೆ 0.62 ಸೆಕೆಂಡ್. ಅಲ್ಲಿಗೆ ನಿಮಿಷಕ್ಕೆ ಸುಮಾರು 97 ಸುತ್ತು, ಸರಿಯಾಗಿದೆ. ನಿಮ್ಮ ಗ್ರಾಫ್‌ನಲ್ಲಿ ನಿಮಿಷಕ್ಕೊಂದು ಸಲ ಕೇಡೆನ್ಸ್ ಮುಳ್ಳಿನಂತೆ ಎದ್ದು ಬೀಳುತ್ತಿದ್ದರೆ ಮೊದಲು ಇಲ್ಲಿ ನೋಡಿ. ಪವರ್ ಮೀಟರ್ (ತುಳಿಯುವ ಪವರನ್ನು ಅಳೆಯುವ ಸಾಧನ) ಮೂಲಕ ಚಕ್ರದ ಸುತ್ತು ಬರುತ್ತಿದ್ದರೆ ಇನ್ನೊಂದು ಗಮನಿಸಿ: ಅಲ್ಲಿ ಚಕ್ರದ ಸಮಯ 2,048ನೇ ಭಾಗಗಳಲ್ಲಿ ಇರುತ್ತದೆ, ಕ್ರ್ಯಾಂಕ್ (ಪೆಡಲಿನ ತೋಳು) ಸಮಯ ಮಾತ್ರ 1,024ರಲ್ಲೇ. ಎರಡನ್ನೂ ಒಂದೇ ಅಂತ ತಿಳಿದರೆ ವೇಗ ಅರ್ಧ ಆಗುತ್ತದೆ. ಇನ್ನೊಂದು ವಿಷಯ, ಪೆಡಲ್ ನಿಲ್ಲಿಸಿದಾಗ ಸೆನ್ಸರ್ ಹಳೆಯ ಸಮಯವನ್ನೇ ಕಳಿಸುತ್ತಿರುತ್ತದೆ ಅಥವಾ ಸುಮ್ಮನಾಗುತ್ತದೆ. ಮೂರು ನಾಲ್ಕು ಸೆಕೆಂಡ್ ಹೊಸ ಸುತ್ತು ಇಲ್ಲದಿದ್ದರೆ ಕೇಡೆನ್ಸ್ ಸೊನ್ನೆ ಅಂತ ನೀವೇ ತೀರ್ಮಾನಿಸಬೇಕು.

ಸೊನ್ನೆ ಅಂದೆ ಅಲ್ವಾ, ಸೊನ್ನೆ ಬೇರೆ, 'ಡೇಟಾ ಇಲ್ಲ' ಬೇರೆ. ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಹೋದಾಗಿನ 0 ವಾಟ್ ನಿಜವಾದ ಅಳತೆ, ಸರಾಸರಿ ಪವರ್‌ನಲ್ಲಿ ಅದು ಸೇರಲೇಬೇಕು. ಸೆನ್ಸರ್ ಸಂಪರ್ಕ ತಪ್ಪಿದ ಐದು ನಿಮಿಷಕ್ಕೆ 0 ಬರೆದರೆ ಮಾತ್ರ ಅದು ಸುಳ್ಳು. ಅಲ್ಲಿ ಖಾಲಿ ಬಿಡಿ. ಕೇಡೆನ್ಸ್ ಸರಾಸರಿ ತೆಗೆಯುವಾಗ ಮಾತ್ರ ಸೊನ್ನೆಗಳನ್ನು ಬಿಡೋದು ರೂಢಿ, ಯಾಕೆಂದರೆ ಅಲ್ಲಿ ಜನಕ್ಕೆ ಬೇಕಿರೋದು ತುಳಿಯುವಾಗ ಎಷ್ಟು ವೇಗವಾಗಿ ತುಳಿದೆ ಅನ್ನೋದು. ಹೃದಯ ಬಡಿತ ಸೊನ್ನೆ ಬಂದರೆ ಅದು ಯಾವತ್ತೂ ಅಳತೆ ಅಲ್ಲ. ರೈಡ್ ಶುರುವಿನಲ್ಲಿ ಎದೆ ಪಟ್ಟಿ ಒಣಗಿರುವಾಗ ಬಡಿತ ಅಡ್ಡಾದಿಡ್ಡಿ ಏರುತ್ತದೆ. ಗರಿಷ್ಠ ಬಡಿತವನ್ನು ಆ ಮೊದಲ ನಿಮಿಷಗಳಿಂದ ತೆಗೆದುಕೊಳ್ಳಬೇಡಿ, ಪಟ್ಟಿಯನ್ನು ಒದ್ದೆ ಮಾಡಿಕೊಳ್ಳಿ ಅಂತ ಬಳಕೆದಾರರಿಗೆ ಹೇಳಿ.

ಪವರ್ ಮೀಟರ್ ಎಡಗಾಲನ್ನು ಮಾತ್ರ ಅಳೆದು ಎರಡರಿಂದ ಗುಣಿಸುವ ಬಗೆಯದ್ದಾದರೆ ಅದನ್ನೂ ದಾಖಲಿಸಿ. ಬಿಸಿಲು, ಚಳಿಗೆ ಪವರ್ ಮೀಟರಿನ ಸೊನ್ನೆ ಬಿಂದು ಸರಿಯುತ್ತದೆ, ಆದ್ದರಿಂದ ಹೊರಡುವ ಮುಂಚೆ ಕ್ಯಾಲಿಬ್ರೇಟ್ ಮಾಡಲು ಒಂದು ಬಟನ್ ಕೈಗೆ ಸಿಗುವಂತೆ ಇರಲಿ.

ತರಬೇತಿಯ ಅಂಕಿಗಳು

ಸರಾಸರಿ ವೇಗವನ್ನು ದೊಡ್ಡ ಅಕ್ಷರದಲ್ಲಿ ಮೇಲೆ ಹಾಕುವ ಆ್ಯಪ್‌ಗಳು ಜನರಿಗೆ ಉಪಕಾರ ಮಾಡುತ್ತಿಲ್ಲ. ಗಾಳಿಯ ಎದುರು ಬೇಕಾಗುವ ಶಕ್ತಿ ವೇಗದ ಘನದಷ್ಟು ಏರುತ್ತದೆ. ಎದುರುಗಾಳಿಯಲ್ಲಿ ಗಂಟೆಗೆ 24 ಕಿಲೋಮೀಟರಿನಲ್ಲಿ ಹೋದವರು ಹಿಂಬದಿ ಗಾಳಿಯಲ್ಲಿ 32ರಲ್ಲಿ ಹೋದವರಿಗಿಂತ ಹೆಚ್ಚು ದುಡಿದಿರಬಹುದು. ಪವರ್ ಇದ್ದರೆ ಅದನ್ನು ಮುಂದೆ ಇಡಿ. ಇಲ್ಲದಿದ್ದರೆ ಹೃದಯ ಬಡಿತ ಯಾವ ವಲಯದಲ್ಲಿ ಎಷ್ಟು ಹೊತ್ತು ಇತ್ತು ಅನ್ನೋದನ್ನು ತೋರಿಸಿ. ಆ ವಲಯಗಳನ್ನು 220ರಿಂದ ವಯಸ್ಸು ಕಳೆದು ಕಟ್ಟಬೇಡಿ. ಆ ಸೂತ್ರ ಒಬ್ಬೊಬ್ಬರ ಮಟ್ಟಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗೋದು ಮಾಮೂಲಿ. ರೈಡ್‌ಗಳಲ್ಲಿ ನಿಜವಾಗಿ ಕಂಡ ಗರಿಷ್ಠ ಬಡಿತವನ್ನು ಹಿಡಿದು, ಬಳಕೆದಾರರನ್ನು ಕೇಳಿ ಬದಲಿಸಿ.

ಪವರ್‌ನ ಸರಾಸರಿಯೂ ಪೂರ್ತಿ ಕತೆ ಹೇಳಲ್ಲ. ಅರ್ಧ ಗಂಟೆ 100 ವಾಟ್, ಇನ್ನರ್ಧ ಗಂಟೆ 300 ವಾಟ್ ತುಳಿದರೆ ಸರಾಸರಿ 200. ಆದರೆ ದೇಹಕ್ಕೆ ಆದ ದಣಿವು ಒಂದು ಗಂಟೆ ಸಮನಾಗಿ 200ರಲ್ಲಿ ತುಳಿದದ್ದಕ್ಕಿಂತ ಜಾಸ್ತಿ. ಈ ವ್ಯತ್ಯಾಸ ಹಿಡಿಯಲು ವ್ಯಾಯಾಮ ವಿಜ್ಞಾನಿ ಆಂಡ್ರೂ ಕೊಗನ್ ಕೊಟ್ಟ ವಿಧಾನದಲ್ಲಿ ಮೊದಲು 30 ಸೆಕೆಂಡಿನ ಚಲಿಸುವ ಸರಾಸರಿ, ಅದರ ಪ್ರತಿ ಅಂಕಿಯ ನಾಲ್ಕನೇ ಘಾತ, ಅವುಗಳ ಸರಾಸರಿ, ಕೊನೆಗೆ ನಾಲ್ಕನೇ ಮೂಲ. ಮೇಲಿನ ಉದಾಹರಣೆಗೆ ಸುಮಾರು 253 ವಾಟ್ ಬರುತ್ತದೆ. ಇಂಥ ಅಂಕಿಗಳ ಕೆಲವು ಪ್ರಸಿದ್ಧ ಹೆಸರುಗಳು ಟ್ರೇಡ್‌ಮಾರ್ಕ್ ಆಗಿವೆ, ನಿಮ್ಮ ಆ್ಯಪ್‌ನಲ್ಲಿ ಬೇರೆ ಹೆಸರು ಇಡಿ. ಈ ಲೆಕ್ಕ ಮಾಡುವಾಗ ಡೇಟಾ ಇಲ್ಲದ ಬಿರುಕಿನ ಮೇಲೆ 30 ಸೆಕೆಂಡಿನ ಸರಾಸರಿ ಹಾದುಹೋಗದಂತೆ ನೋಡಿಕೊಳ್ಳಿ.

ಇಲ್ಲಿ ತುಂಬಾ ಆ್ಯಪ್‌ಗಳು ಬಿಟ್ಟುಬಿಡುವ ಒಂದು ಸಂಗತಿ ಇದೆ. ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ತಾಳಿಕೊಳ್ಳಬಹುದಾದ ಪವರ್, ಬದಲಾಗುತ್ತಿರುತ್ತದೆ. ತೂಕವೂ ಅಷ್ಟೇ. ಪ್ರೊಫೈಲ್‌ನಲ್ಲಿ ಒಂದೇ ಅಂಕಿ ಇಟ್ಟು ಅದನ್ನೇ ಎಲ್ಲ ರೈಡಿಗೂ ಹಚ್ಚಿದರೆ, ಇವತ್ತು ಬಲ ಹೆಚ್ಚಾದ ತಕ್ಷಣ ಕಳೆದ ವರ್ಷದ ಕಠಿಣ ರೈಡ್‌ಗಳೆಲ್ಲ ಸುಲಭದವು ಅಂತ ಬದಲಾಗಿಬಿಡುತ್ತವೆ. ಪ್ರತಿ ಅಂಕಿಗೂ 'ಈ ತಾರೀಕಿನಿಂದ' ಅಂತ ಸೇರಿಸಿ, ರೈಡ್ ನಡೆದ ದಿನ ಯಾವುದು ಇತ್ತೋ ಅದನ್ನೇ ಬಳಸಿ.

ಕ್ಯಾಲೊರಿ ವಿಷಯದಲ್ಲಿ ಪವರ್ ಮೀಟರ್ ಇದ್ದವರಿಗೆ ಲೆಕ್ಕ ಸುಲಭ. ಪೆಡಲ್‌ಗೆ ಹೋದ ಕಿಲೋಜೂಲ್ ಸಂಖ್ಯೆಯೇ ಹೆಚ್ಚೂಕಡಿಮೆ ಖರ್ಚಾದ ಕಿಲೋಕ್ಯಾಲೊರಿ. ಒಂದು ಕಿಲೋಕ್ಯಾಲೊರಿ ಅಂದರೆ 4.184 ಕಿಲೋಜೂಲ್, ದೇಹ ಉರಿಸಿದ್ದರಲ್ಲಿ ಪೆಡಲ್‌ಗೆ ತಲುಪೋದು ಸುಮಾರು ನಾಲ್ಕರಲ್ಲಿ ಒಂದು ಪಾಲು ಅಥವಾ ಸ್ವಲ್ಪ ಕಮ್ಮಿ, ಎರಡೂ ಒಂದಕ್ಕೊಂದು ಹೊಡೆದುಹೋಗುತ್ತವೆ. ಪವರ್ ಇಲ್ಲದವರಿಗೆ ಕೊಡುವ ಕ್ಯಾಲೊರಿ ಅಂದಾಜು ಮಾತ್ರ, ಅದನ್ನು ಅಂದಾಜು ಅಂತಲೇ ಬರೆಯಿರಿ. 743 ಅನ್ನೋ ಬದಲು 'ಸುಮಾರು 750' ಅನ್ನಿ.

ಬ್ಯಾಡ್ಜ್ ಬಗ್ಗೆ ಒಂದೇ ಮಾತು. ದಿನ ತಪ್ಪದೆ ತುಳಿದವರಿಗೆ ಬಹುಮಾನ ಕೊಡುವ ಸ್ಟ್ರೀಕ್ ಬೇಡ. ವಿಶ್ರಾಂತಿ ದಿನವೂ ತರಬೇತಿಯ ಭಾಗವೇ, ದೇಹ ಗಟ್ಟಿಯಾಗೋದು ಆಗಲೇ. ಕಾಲು ನೋಯುತ್ತಿದ್ದರೂ ಸಾಲು ತಪ್ಪಬಾರದು ಅಂತ ಸೈಕಲ್ ಹತ್ತಿಸುವ ಆ್ಯಪ್ ಹಾನಿ ಮಾಡುತ್ತದೆ. ವಾರಕ್ಕೆ ಇಷ್ಟು ಗಂಟೆ ಅನ್ನೋ ಗುರಿ ಇಟ್ಟರೆ ಈ ತೊಂದರೆ ಇಲ್ಲ.

ಹ್ಯಾಂಡಲ್‌ಬಾರ್ ಮೇಲಿನ ಪರದೆ

ನಿಮ್ಮ ಟೇಬಲ್ ಮೇಲೆ ಚೆಂದ ಕಾಣುವ ಪರದೆ ಬಿಸಿಲಲ್ಲಿ ಕಾಣಲ್ಲ. ಸವಾರರಿಗೆ ನೋಡೋಕೆ ಸಿಗೋದು ಒಂದು ಕ್ಷಣ, ಅಷ್ಟರಲ್ಲಿ ಕಣ್ಣು ರಸ್ತೆಗೆ ವಾಪಸ್ ಹೋಗಬೇಕು. ಒಂದು ಪರದೆಗೆ ಮೂರು ನಾಲ್ಕು ಅಂಕಿ, ಬಿಳಿ ಹಿನ್ನೆಲೆಯ ಮೇಲೆ ಕಪ್ಪು, ಸಾಧ್ಯವಾದಷ್ಟು ದೊಡ್ಡದು. ತಿಳಿ ಬೂದು ಅಕ್ಷರಗಳು ಬೇಡ. ರಾತ್ರಿಗೆ ಮಾತ್ರ ಕಪ್ಪು ಹಿನ್ನೆಲೆ. ಪವರ್ ಅಂಕಿ ಪ್ರತಿ ಸೆಕೆಂಡ್ ಕುಣಿಯುತ್ತದೆ, 3 ಸೆಕೆಂಡಿನ ಸರಾಸರಿ ತೋರಿಸಿದರೆ ಓದಬಹುದು. ದಾಖಲೆಯಲ್ಲಿ ಮಾತ್ರ ಮೂಲ ಅಂಕಿಯೇ ಇರಲಿ.

ಮಳೆ ಹನಿ, ಬೆವರು, ಕೈಗವಸು, ಇವೆಲ್ಲ ಟಚ್ ಸ್ಕ್ರೀನ್‌ಗೆ ಆಗಿಬರಲ್ಲ. ಹನಿ ಬಿದ್ದರೆ ಬಟನ್ ಒತ್ತಿದಂತಾಗುತ್ತದೆ. ಅದಕ್ಕೇ 'ಮುಗಿಸು' ಬಟನ್ ಎರಡು ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ಕೆಲಸ ಮಾಡಲಿ, 'ಅಳಿಸು' ಅದರ ಪಕ್ಕದಲ್ಲಿ ಇರಲೇಬಾರದು. 'ಶುರು' ಒತ್ತಿದಾಗ ಜಿಪಿಎಸ್ ಇನ್ನೂ ಸಿಕ್ಕಿಲ್ಲದಿದ್ದರೂ ತಡೆಯಬೇಡಿ, ಸಮಯ ಮತ್ತು ಸೆನ್ಸರ್ ದಾಖಲೆ ಶುರುಮಾಡಿ. ಉಪಗ್ರಹದ ಕಕ್ಷೆಯ ಮಾಹಿತಿ ಸಿಗ್ನಲ್‌ನಲ್ಲಿ 30 ಸೆಕೆಂಡಿಗೊಮ್ಮೆ ಬರುತ್ತದೆ, ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಅಷ್ಟಾದರೂ ಕಾಯಬೇಕಾಗುತ್ತದೆ. ಬ್ಯಾಟರಿಯನ್ನು ಜಾಸ್ತಿ ತಿನ್ನೋದು ಪರದೆ. ಅದನ್ನು ಆರಿಸಿಟ್ಟು, ತಿರುವಿನಲ್ಲಿ ಅಥವಾ ಇಂಟರ್ವಲ್ ಮುಗಿದಾಗ ಧ್ವನಿಯಲ್ಲಿ ಹೇಳುವ ಆಯ್ಕೆ ಕೊಡಿ.

ಮನೆ ಎಲ್ಲಿದೆ ಅಂತ ಊರಿಗೆಲ್ಲ ಗೊತ್ತಾಗಬಾರದು

2017ರ ಕೊನೆಯಲ್ಲಿ ಸ್ಟ್ರಾವಾ ಅನ್ನೋ ವ್ಯಾಯಾಮ ಆ್ಯಪ್ ತನ್ನ ಬಳಕೆದಾರರ ಓಡಾಟವನ್ನೆಲ್ಲ ಸೇರಿಸಿ ಒಂದು ಜಾಗತಿಕ ಹೀಟ್‌ಮ್ಯಾಪ್ (ಓಡಾಟ ಹೆಚ್ಚಿದ್ದ ದಾರಿ ಹೊಳೆಯುವ ನಕ್ಷೆ) ಪ್ರಕಟಿಸಿತು. 2018ರ ಜನವರಿಯಲ್ಲಿ ಜನ ಅದರಲ್ಲಿ ಸೇನಾ ನೆಲೆಗಳ ಒಳಗಿನ ದಾರಿಗಳನ್ನು ಗುರುತಿಸಿದರು. ಅಲ್ಲಿ ಯಾರ ಹೆಸರೂ ಇರಲಿಲ್ಲ, ಹೆಸರಿಲ್ಲದ ಡೇಟಾ ಕೂಡ ಅಷ್ಟು ಹೇಳಿಬಿಡುತ್ತದೆ.

ಹೊಸ ರೈಡ್ ಮೊದಲಿಂದಲೇ ಖಾಸಗಿಯಾಗಿರಲಿ, ಹಂಚಿಕೊಳ್ಳೋದು ಬಳಕೆದಾರರ ತೀರ್ಮಾನ. ಮನೆಯ ಸುತ್ತ ಮರೆಮಾಡುವ ವೃತ್ತ ಇಡುವಾಗ ಮನೆಯನ್ನೇ ಕೇಂದ್ರ ಮಾಡಬೇಡಿ. ಬೇರೆ ಬೇರೆ ದಿಕ್ಕಿಗೆ ಹೊರಟ ಮೂರು ರೈಡ್‌ಗಳು ಎಲ್ಲಿ ಶುರುವಾದಂತೆ ಕಾಣುತ್ತವೆ ಅಂತ ನೋಡಿದರೆ ಸಾಕು, ಮೂರು ಬಿಂದುಗಳಿಂದ ವೃತ್ತ ಸಿಗುತ್ತದೆ, ವೃತ್ತದ ಕೇಂದ್ರದಲ್ಲಿ ಮನೆ. ಕೇಂದ್ರವನ್ನು ಯಾದೃಚ್ಛಿಕವಾಗಿ ಸ್ವಲ್ಪ ದೂರ ಸರಿಸಿ, ಒಮ್ಮೆ ಸರಿಸಿದ್ದನ್ನು ಪ್ರತಿ ರೈಡಿಗೂ ಬದಲಿಸಬೇಡಿ. ಇನ್ನೊಂದು ಸೋರಿಕೆ ಒಟ್ಟು ದೂರ: ಮ್ಯಾಪ್‌ನಲ್ಲಿ ಕಾಣುವ ದಾರಿ 38.6 ಕಿಲೋಮೀಟರ್, ಬರೆದಿರೋದು 39.4 ಆದರೆ, ಮರೆಮಾಡಿದ ಭಾಗ 800 ಮೀಟರ್ ಅಂತ ಯಾರಾದರೂ ಲೆಕ್ಕ ಹಾಕಬಹುದು. ಬೇರೆಯವರಿಗೆ ಕಾಣುವ ದೂರವನ್ನು ಕತ್ತರಿಸಿದ ದಾರಿಯಿಂದಲೇ ಲೆಕ್ಕ ಹಾಕಿ. ಬೇರೆಯವರು ಇಳಿಸಿಕೊಳ್ಳುವ ಫೈಲನ್ನೂ ಕತ್ತರಿಸಿಯೇ ಕೊಡಿ, ಬಹಳ ಆ್ಯಪ್‌ಗಳು ಮರೆಯೋದು ಇದನ್ನೇ.

ಬದಲಾವಣೆ ಪರೀಕ್ಷಿಸೋದು, ಹೊರಗೆ ಬಿಡೋದು

ಪ್ರತಿ ಸಲ ಸೈಕಲ್ ಹತ್ತಿ ಪರೀಕ್ಷೆ ಮಾಡೋಕೆ ಆಗಲ್ಲ. ಕಚ್ಚಾ ಡೇಟಾ ಉಳಿಸಿದ್ದರ ಇನ್ನೊಂದು ಲಾಭ ಇಲ್ಲೇ ಸಿಗುತ್ತದೆ: ಹಳೆಯ ರೈಡನ್ನೇ ಆ್ಯಪ್‌ಗೆ ಮತ್ತೆ ಉಣಿಸಿ, ಈಗ ನಡೆಯುತ್ತಿದೆ ಅನ್ನೋ ಹಾಗೆ ಓಡಿಸಬಹುದು. ಸುರಂಗ ಇರುವ ರೈಡ್, ಎತ್ತರದ ಕಟ್ಟಡಗಳ ನಡುವಿನದು, ಸೆನ್ಸರ್ ಮಧ್ಯೆ ಕೈಕೊಟ್ಟದ್ದು, ಮಧ್ಯರಾತ್ರಿ ದಾಟಿದ್ದು, ಟೈಮ್ ಝೋನ್ ದಾಟಿದ್ದು, ಇಂಥವನ್ನು ಆರಿಸಿ ಒಂದು ಸಂಗ್ರಹ ಮಾಡಿಕೊಳ್ಳಿ. ಕೋಡ್ ಬದಲಿಸಿದಾಗೆಲ್ಲ ಎಲ್ಲವನ್ನೂ ಓಡಿಸಿ, ದೂರ, ಏರು, ಸಮಯ ಹಿಂದಿನದಕ್ಕಿಂತ ಎಷ್ಟು ಬದಲಾಯಿತು ಅಂತ ನೋಡಿ. ರೈಡ್ ನಡೆಯುವಾಗ ಕರೆ ಬರೋದು, ಆ್ಯಪನ್ನು ಬಲವಂತವಾಗಿ ಮುಚ್ಚೋದು, ಸ್ಟೋರೇಜ್ ತುಂಬಿಹೋಗೋದು, ಇವನ್ನು ಮಾತ್ರ ನಿಜವಾದ ಫೋನಿನಲ್ಲೇ ಮಾಡಿ ನೋಡಬೇಕು.

'ದೂರ ಕಮ್ಮಿ ಬಂತು' ಅಂತ ಯಾರಾದರೂ ಬರೆದರೆ ಬರೀ ಆ ಮಾತಿನಿಂದ ಏನೂ ಗೊತ್ತಾಗಲ್ಲ. ರೈಡ್ ಪುಟದಲ್ಲೇ 'ಇದರಲ್ಲಿ ಏನೋ ತಪ್ಪಿದೆ' ಅನ್ನೋ ಬಟನ್ ಇಡಿ. ಅದನ್ನು ಒತ್ತಿದರೆ ಏನೇನು ಹೋಗುತ್ತದೆ ಅಂತ ತೋರಿಸಿ, ಒಪ್ಪಿಗೆ ಪಡೆದು, ಕಚ್ಚಾ ಡೇಟಾ, ಫೋನ್ ಮಾದರಿ, ಆ್ಯಪ್ ಆವೃತ್ತಿ ಕಳಿಸಲಿ. ಆ ರೈಡೇ ನಿಮ್ಮ ಸಂಗ್ರಹದ ಮುಂದಿನ ಪರೀಕ್ಷೆ ಆಗಬಹುದು.

ಹೊಸ ಲೆಕ್ಕ ಸಿದ್ಧವಾದ ಮೇಲೆ ಹಳೆಯ ರೈಡ್‌ಗಳ ಅಂಕಿಗಳನ್ನು ರಾತ್ರೋರಾತ್ರಿ ಬದಲಿಸಬೇಡಿ. ಯಾರೋ ಒಬ್ಬರು ಮೊದಲ ಸಲ 100 ಕಿಲೋಮೀಟರ್ ಮುಟ್ಟಿದ ರೈಡ್ ಹೊಸ ಲೆಕ್ಕದಲ್ಲಿ 99.2 ಆಗಬಹುದು. ಅವರಿಗೆ ಮೊದಲೇ ಹೇಳಿ, ಹಳೆಯ ಅಂಕಿ ಹೊಸ ಅಂಕಿ ಎರಡನ್ನೂ ಪಕ್ಕಪಕ್ಕ ಇಟ್ಟು ಕಾರಣ ಬರೆಯಿರಿ, ಹಳೆಯ ರೈಡ್‌ಗಳನ್ನು ಹಾಗೇ ಇಡುವ ಆಯ್ಕೆಯನ್ನೂ ಕೊಡಿ.